ವಿದೇಶಿ ವಿ.ವಿ.ಗಳ ಜಾತ್ರೆ: ಸೀಟು ಸುಲಭ, ಲೆಕ್ಕ ಕಷ್ಟ

‘ಉಚಿತ ಪ್ರವೇಶ. ಸ್ಥಳದಲ್ಲೇ ಆಫರ್ ಲೆಟರ್. ಅರ್ಜಿ ಶುಲ್ಕ ಮನ್ನಾ. ಬ್ಯಾಕ್‌ಲಾಗ್ ಇದ್ದರೂ ಚಿಂತೆ ಬೇಡ.’

ಮೂರನೇ ವರ್ಷದ ಬಿ.ಇ.ಗೆ ಕಾಲಿಟ್ಟವರ ವಾಟ್ಸ್‌ಆ್ಯಪ್‌ಗೆ ಇಂಥ ಪೋಸ್ಟರ್ ಬರುವುದು ಈಗ ಮಾಮೂಲು. ಬೆಂಗಳೂರಿನ ಸ್ಟಾರ್ ಹೋಟೆಲ್‌ಗಳಲ್ಲಂತೂ ವಿದೇಶಿ ವಿಶ್ವವಿದ್ಯಾಲಯಗಳ ಶಿಕ್ಷಣ ಮೇಳಕ್ಕೆ ಬರವಿಲ್ಲ. ಮೈಸೂರು, ಮಂಗಳೂರು, ಹುಬ್ಬಳ್ಳಿಗೂ ಅವು ಬಂದಿವೆ. ನಾನು ಓದುತ್ತಿರುವುದು ದಾವಣಗೆರೆಯಲ್ಲಿ. ಸೀನಿಯರ್‌ಗಳಿಗೆ ಪ್ಲೇಸ್‌ಮೆಂಟ್ ಮಂದವಾದದ್ದನ್ನು ನೋಡಿದ ಮೇಲೆ ನಮ್ಮ ತರಗತಿಯಲ್ಲಿ ‘ಎಂಎಸ್ ಮಾಡೋಣವಾ?’ ಎಂಬ ಮಾತು ಕ್ಯಾಂಟೀನ್‌ನ ದಿನನಿತ್ಯದ ಚರ್ಚೆಯಾಗಿದೆ. ಆ ಚರ್ಚೆಯ ಬೆನ್ನು ಹತ್ತಿ ಒಂದು ವರ್ಷದಲ್ಲಿ ಮೂರು ಮೇಳಗಳಿಗೆ ಹೋಗಿ ಬಂದೆ. ಒಂದು ಹುಬ್ಬಳ್ಳಿಯಲ್ಲಿ, ಎರಡು ಬೆಂಗಳೂರಿನಲ್ಲಿ.

ಮೂರರಿಂದಲೂ ನನಗೆ ತಿಳಿದದ್ದು ಇಷ್ಟು: ಮೇಳದಲ್ಲಿ ಸಿಗುವ ಅತಿ ಸುಲಭದ ವಸ್ತು ಸೀಟು. ಆ ಸೀಟಿಗೆ ಒಟ್ಟು ಎಷ್ಟು ಹಣ ಬೇಕು, ಅದನ್ನು ಯಾರು ಸಾಲ ಕೊಡುತ್ತಾರೆ, ಓದಿನ ನಂತರ ಎಷ್ಟು ದಿನ ಆ ದೇಶದಲ್ಲಿ ಇರಬಹುದು ಎಂಬ ಲೆಕ್ಕ ಅಲ್ಲಿ ತಾನಾಗಿ ಸಿಗುವುದಿಲ್ಲ. ಅದನ್ನು ನಾವೇ ಮಾಡಿಕೊಂಡು ಹೋಗಬೇಕು.

ಮೇಜಿನ ಆಚೆ ಕುಳಿತವರು ಯಾರು?

ಮೇಳದ ಹಾಲ್‌ಗೆ ಕಾಲಿಟ್ಟರೆ ಸಾಲು ಸಾಲು ಮೇಜುಗಳು. ಪ್ರತಿ ಮೇಜಿನ ಹಿಂದೆ ಒಂದೊಂದು ವಿಶ್ವವಿದ್ಯಾಲಯದ ಬ್ಯಾನರ್, ಮುಂದೆ ಬಣ್ಣಬಣ್ಣದ ಬ್ರೋಷರ್, ಪೆನ್ನು, ಬಟ್ಟೆಯ ಚೀಲ. ಮೇಜಿನ ಆಚೆ ಟೈ ಕಟ್ಟಿ ಕುಳಿತವರು ಆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೇ ಇರಬೇಕು ಎಂದು ನಮ್ಮಲ್ಲಿ ಅನೇಕರು ಅಂದುಕೊಳ್ಳುತ್ತೇವೆ. ಪ್ರಾಧ್ಯಾಪಕರು ಬರುವುದು ತೀರಾ ಅಪರೂಪ. ಕೆಲವರು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗದ ಸಿಬ್ಬಂದಿ, ಕೆಲವರು ಭಾರತದಲ್ಲೇ ಇದ್ದುಕೊಂಡು ಆ ವಿಶ್ವವಿದ್ಯಾಲಯದ ಪರವಾಗಿ ಕೆಲಸ ಮಾಡುವ ಪ್ರತಿನಿಧಿಗಳು, ಇನ್ನು ಕೆಲವರು ಮೇಳ ನಡೆಸುವ ಕನ್ಸಲ್ಟೆನ್ಸಿಯ ನೌಕರರು. ಮೂವರ ಕೊರಳಲ್ಲೂ ಒಂದೇ ಬಗೆಯ ಬ್ಯಾಡ್ಜ್ ಇರುತ್ತದೆ. ‘ನೀವು ಯಾರ ನೌಕರರು?’ ಎಂದು ಕೇಳಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ನಾನು ಕೇಳಿದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಉತ್ತರ ಕೊಟ್ಟರು.

ಈ ಪ್ರಶ್ನೆ ಯಾಕೆ ಮುಖ್ಯ? ಕನ್ಸಲ್ಟೆನ್ಸಿಗಳು ನಮ್ಮಿಂದ ಹಣ ತೆಗೆದುಕೊಳ್ಳದೆ ‘ಉಚಿತ ಸೇವೆ’ ಕೊಡುವುದು ದಾನಕ್ಕಲ್ಲ. ವಿದ್ಯಾರ್ಥಿ ಸೇರಿ ಶುಲ್ಕ ಕಟ್ಟಿದ ಮೇಲೆ ವಿಶ್ವವಿದ್ಯಾಲಯವೇ ಅವರಿಗೆ ಕಮಿಷನ್ ಕೊಡುತ್ತದೆ. ಸಾಮಾನ್ಯವಾಗಿ ಅದು ಮೊದಲ ವರ್ಷದ ಶುಲ್ಕದ ಶೇ 10ರಿಂದ 20ರಷ್ಟು. ಶುಲ್ಕ ₹20 ಲಕ್ಷ, ಕಮಿಷನ್ ಶೇ 15 ಎಂದುಕೊಂಡರೆ ಒಬ್ಬ ವಿದ್ಯಾರ್ಥಿಯಿಂದ ₹3 ಲಕ್ಷ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಇದು ಹಳೆಯ ಪದ್ಧತಿ.

ಅಮೆರಿಕದ ಕತೆ ಇನ್ನೂ ಸ್ವಾರಸ್ಯದ್ದು. ವಿದ್ಯಾರ್ಥಿಗಳನ್ನು ತಲೆಗಿಷ್ಟು ಎಂಬ ಲೆಕ್ಕದಲ್ಲಿ ಸೇರಿಸಿ ಕಮಿಷನ್ ಪಡೆಯುವುದನ್ನು ಅಲ್ಲಿನ ಉನ್ನತ ಶಿಕ್ಷಣ ಕಾಯ್ದೆ 1992ರ ತಿದ್ದುಪಡಿಯಿಂದ ನಿರ್ಬಂಧಿಸಿದೆ. ಆದರೆ ವಿದೇಶದಲ್ಲಿರುವ ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ಪ್ರವೇಶಾತಿ ಸಲಹೆಗಾರರ ಅಲ್ಲಿನ ದೊಡ್ಡ ಸಂಘಟನೆಯಾದ ಎನ್‌ಎಸಿಎಸಿ ಕೂಡ ವಿದೇಶಗಳಲ್ಲಿ ಕಮಿಷನ್ ಏಜೆಂಟರನ್ನು ಬಳಸಲು 2013ರಲ್ಲಿ ತನ್ನ ಸದಸ್ಯರಿಗೆ ಅವಕಾಶ ಕೊಟ್ಟಿತು. ತಮ್ಮ ಮಕ್ಕಳನ್ನು ಯಾವ ಪದ್ಧತಿಯಿಂದ ಕಾಪಾಡಬೇಕು ಎಂದು ಅವರು ಕಾನೂನು ಮಾಡಿಕೊಂಡರೋ ಅದೇ ಪದ್ಧತಿಯಲ್ಲಿ ನಾವು ಸೀಟು ಹುಡುಕುತ್ತಿದ್ದೇವೆ.

ಕಮಿಷನ್ ಪಡೆಯುವ ಸಲಹೆಗಾರರೆಲ್ಲ ಸುಳ್ಳು ಹೇಳುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅರ್ಜಿ ತುಂಬುವುದು, ದಾಖಲೆ ಜೋಡಿಸುವುದು, ವೀಸಾ ಸಂದರ್ಶನಕ್ಕೆ ತಯಾರಿ ಮಾಡುವುದರಲ್ಲಿ ಅವರಿಂದ ಸಹಾಯ ಪಡೆದ ಸೀನಿಯರ್‌ಗಳು ನನಗೆ ಗೊತ್ತು. ಆದರೆ ಕಮಿಷನ್ ಕೊಡದ ವಿಶ್ವವಿದ್ಯಾಲಯದ ಹೆಸರು ಅವರ ಪಟ್ಟಿಯಲ್ಲಿ ಇರಲು ಕಾರಣವೇ ಇಲ್ಲ. ಜರ್ಮನಿಯ ಉದಾಹರಣೆ ನೋಡಿ. ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಸೆಮಿಸ್ಟರ್‌ಗೆ ಸುಮಾರು 100ರಿಂದ 400 ಯುರೊ ವಂತಿಗೆ ಮಾತ್ರ. ಶುಲ್ಕವೇ ಇಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು? ಹುಬ್ಬಳ್ಳಿಯ ಮೇಳದಲ್ಲಿ ‘ಜರ್ಮನಿ’ ಎಂಬ ಫಲಕದ ಕೆಳಗೆ ನನಗೆ ತೋರಿಸಿದ ನಾಲ್ಕೂ ಸಂಸ್ಥೆಗಳು ಶುಲ್ಕ ಪಡೆಯುವ ಖಾಸಗಿ ಸಂಸ್ಥೆಗಳಾಗಿದ್ದವು.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳೆಲ್ಲ ಉಚಿತ ಎಂಬ ಮಾತನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಆಚೆಯ ವಿದ್ಯಾರ್ಥಿಗಳಿಂದ ಸೆಮಿಸ್ಟರ್‌ಗೆ 1,500 ಯುರೊ ಪಡೆಯುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ನಮ್ಮಂಥವರಿಗೆ ಶುಲ್ಕ ಶುರು ಮಾಡಿದೆ.

ಆಫರ್ ಲೆಟರ್ ಎಂದರೆ ವೀಸಾ ಅಲ್ಲ

‘ಸ್ಪಾಟ್ ಅಡ್ಮಿಷನ್’ ಮೇಳದ ದೊಡ್ಡ ಆಕರ್ಷಣೆ. ಅಂಕಪಟ್ಟಿಯ ಪ್ರತಿ ತೋರಿಸಿದರೆ ಅರ್ಧ ಗಂಟೆಯಲ್ಲಿ ಆಫರ್ ಕೈಗೆ ಬರುತ್ತದೆ. ನಮ್ಮ ಊರಿನ ಇಬ್ಬರು ಗೆಳೆಯರು ಆ ಕಾಗದ ಹಿಡಿದು ಫೋಟೊ ತೆಗೆಸಿಕೊಂಡು ಸ್ಟೇಟಸ್ ಹಾಕಿದರು. ಮನೆಯವರು ಅಕ್ಕಪಕ್ಕದವರಿಗೆಲ್ಲ ಪೇಡಾ ಹಂಚಿದರು. ಆ ಕಾಗದವನ್ನು ನಿಧಾನವಾಗಿ ಓದಿದಾಗ ಅದರಲ್ಲಿ ‘ಷರತ್ತಿನ ಆಫರ್’ ಎಂದು ಬರೆದಿತ್ತು. ಅಂತಿಮ ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಅಂಕ, ಮುಂಗಡ ಹಣ, ಇವೆಲ್ಲ ಆದ ಮೇಲಷ್ಟೇ ಪ್ರವೇಶ ಖಚಿತ. ಬ್ರಿಟನ್ನಿನಲ್ಲಾದರೆ ಅದರ ನಂತರ ವಿಶ್ವವಿದ್ಯಾಲಯ ಸಿಎಎಸ್ ಎಂಬ ದೃಢೀಕರಣ ಕೊಡಬೇಕು, ಅಮೆರಿಕವಾದರೆ ಐ-20 ಫಾರ್ಮ್ ಬರಬೇಕು. ಅವು ಬಂದ ಮೇಲೆ ವೀಸಾ. ವೀಸಾ ಕೊಡುವುದು ಆ ದೇಶದ ಸರ್ಕಾರ. ಅದರ ಬಗ್ಗೆ ಮೇಳದ ಮೇಜಿನಲ್ಲಿ ಯಾರು ಖಾತರಿ ಕೊಟ್ಟರೂ ಆ ಖಾತರಿಗೆ ಬೆಲೆಯಿಲ್ಲ.

ಕಾಗದವನ್ನು ನೇರವಾಗಿ ಪರಿಶೀಲಿಸುವುದು ಎಷ್ಟು ಮುಖ್ಯ ಎಂಬುದು 2023ರಲ್ಲಿ ಕೆನಡಾದಲ್ಲಿ ಬಯಲಾಯಿತು. ಏಜೆಂಟ್ ಕೊಟ್ಟ ಪ್ರವೇಶ ಪತ್ರ ನಂಬಿ ವರ್ಷಗಳ ಹಿಂದೆ ಹೋಗಿದ್ದ ಭಾರತದ ಅನೇಕ ವಿದ್ಯಾರ್ಥಿಗಳು, ಅದರಲ್ಲೂ ಪಂಜಾಬಿನವರು, ಗಡಿಪಾರಿನ ಭೀತಿಯಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಅವರ ಪ್ರವೇಶ ಪತ್ರಗಳೇ ನಕಲಿಯಾಗಿದ್ದವು. ಅಲ್ಲಿ ಓದಿ, ಕೆಲಸ ಮಾಡಿ, ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ ಅನೇಕರಿಗೆ ಅದು ಗೊತ್ತಾದದ್ದು. ಆ ನಂತರ 2023ರ ಡಿಸೆಂಬರ್ 1ರಿಂದ ಕೆನಡಾ ಪ್ರತಿ ಪ್ರವೇಶ ಪತ್ರವನ್ನೂ ಆಯಾ ಶಿಕ್ಷಣ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳುವ ವ್ಯವಸ್ಥೆ ತಂದಿತು. ನಾವು ಮಾಡಬೇಕಾದ್ದು ಇನ್ನೂ ಸರಳ: ಆಫರ್ ಬಂದ ದಿನವೇ ವಿಶ್ವವಿದ್ಯಾಲಯದ ಅಧಿಕೃತ ಜಾಲತಾಣದಲ್ಲಿರುವ ವಿಳಾಸಕ್ಕೆ ಇ-ಮೇಲ್ ಬರೆದು ‘ಈ ಸಂಖ್ಯೆಯ ಪತ್ರ ನಿಮ್ಮದೇ?’ ಎಂದು ಕೇಳುವುದು. ಅರ್ಜಿಯಲ್ಲಿ ನಮ್ಮದೇ ಇ-ಮೇಲ್, ನಮ್ಮದೇ ಪಾಸ್‌ವರ್ಡ್ ಇರುವಂತೆ ನೋಡಿಕೊಳ್ಳುವುದು.

ಬ್ರೋಷರ್ ಹಳತಾಗುತ್ತದೆ, ನಿಯಮ ಬದಲಾಗುತ್ತದೆ

ಮೇಳದಿಂದ ತಂದ ಬ್ರೋಷರ್‌ಗಳನ್ನು ಹಾಸ್ಟೆಲ್ ಕೋಣೆಯಲ್ಲಿ ಹರಡಿಕೊಂಡು ಒಂದೊಂದು ದೇಶದ ಸರ್ಕಾರಿ ಜಾಲತಾಣದ ಜೊತೆ ಹೋಲಿಸಿದೆವು. ಕಟ್ಟಡ, ಗ್ರಂಥಾಲಯ, ಈಜುಕೊಳದ ಚಿತ್ರಗಳೆಲ್ಲ ಸರಿಯಾಗಿದ್ದವು. ಹಣ ಮತ್ತು ವೀಸಾದ ನಿಯಮಗಳು ಮಾತ್ರ ಕಳೆದ ಎರಡು–ಮೂರು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಗಿವೆ.

ಕೆನಡಾಕ್ಕೆ ಹೋಗುವವರು ಜೀವನ ವೆಚ್ಚಕ್ಕೆಂದು ತೋರಿಸಬೇಕಾದ ಹಣ 10 ಸಾವಿರ ಡಾಲರ್ ಇತ್ತು. 2024ರ ಜನವರಿ 1ರಿಂದ ಅದು 20,635 ಕೆನಡಿಯನ್ ಡಾಲರ್ ಆಯಿತು. ಆಮೇಲೆ ಮತ್ತೂ ಏರಿದೆ. ಭಾರತೀಯರು ಬೇಗ ವೀಸಾ ಪಡೆಯಲು ಬಳಸುತ್ತಿದ್ದ ಎಸ್‌ಡಿಎಸ್ ಎಂಬ ದಾರಿಯನ್ನು 2024ರ ನವೆಂಬರ್ 8ರಂದು ಮುಚ್ಚಲಾಯಿತು. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ಶುಲ್ಕ 2024ರ ಜುಲೈನಲ್ಲಿ 710ರಿಂದ 1,600 ಆಸ್ಟ್ರೇಲಿಯನ್ ಡಾಲರ್‌ಗೆ, ಮರುವರ್ಷದ ಜುಲೈನಲ್ಲಿ 2,000 ಡಾಲರ್‌ಗೆ ಜಿಗಿಯಿತು. ವೀಸಾ ತಿರಸ್ಕೃತವಾದರೆ ಈ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು 2 ವರ್ಷ ಕೊಡುವ ಗ್ರಾಜುಯೇಟ್ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯಲಿದೆ. ಬೋಧನಾ ಶುಲ್ಕದ ಜೊತೆಗೆ ಅಲ್ಲಿನ ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡ್ ಬೇರೆ ಕಟ್ಟಬೇಕು. ಜರ್ಮನಿಯಲ್ಲಿ ಶುಲ್ಕ ಇರದಿದ್ದರೂ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಒಂದು ವರ್ಷಕ್ಕೆ 11,904 ಯುರೊ ಮೊದಲೇ ಇಡಬೇಕು, ತಿಂಗಳಿಗೆ 992 ಯುರೊ ಮಾತ್ರ ತೆಗೆಯಬಹುದು. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಎಪಿಎಸ್ ಪ್ರಮಾಣಪತ್ರವನ್ನೂ ಪಡೆಯಬೇಕು. ಅದಕ್ಕೆ ₹18 ಸಾವಿರ.

ಅಮೆರಿಕದಲ್ಲಿ ಓದು ಮುಗಿದ ಮೇಲೆ ಒಪಿಟಿ ಎಂಬ ಹೆಸರಿನಲ್ಲಿ 12 ತಿಂಗಳು, ಎಂಜಿನಿಯರಿಂಗ್‌ನಂಥ ವಿಷಯವಾದರೆ ಇನ್ನೂ 24 ತಿಂಗಳು ಕೆಲಸ ಮಾಡಬಹುದು. ಅದರಾಚೆ ಉಳಿಯಲು ಬೇಕಾದ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ 85 ಸಾವಿರದ ಮಿತಿಯಿದೆ. ಅದಕ್ಕೆ ಜಗತ್ತಿನ ಎಲ್ಲ ದೇಶದವರೂ ಸಾಲಿನಲ್ಲಿರುತ್ತಾರೆ.

ಇಷ್ಟು ಬದಲಾಗುವ ವಿಷಯವನ್ನು ಅಚ್ಚಾದ ಕಾಗದದಿಂದ ತಿಳಿಯಲು ಹೋಗಬಾರದು. ನನ್ನ ಈ ಬರಹದ ಅಂಕಿಗಳನ್ನೂ ಅರ್ಜಿ ಹಾಕುವ ದಿನ ಮತ್ತೊಮ್ಮೆ ಆಯಾ ಸರ್ಕಾರದ ಜಾಲತಾಣದಲ್ಲಿ ನೋಡಿಕೊಳ್ಳಿ.

‘ಪ್ರಾಪರ್ಟಿ ಏನಿದೆ?’

ಮೊದಲ ಮೇಳದಲ್ಲಿ ಸಲಹೆಗಾರರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಶೇಕಡಾವಾರು ಅಂಕದ್ದು, ಎರಡನೆಯದು ‘ಪ್ರಾಪರ್ಟಿ ಏನಿದೆ?’ ಎಂದು. ಯಾವ ವಿಷಯ ಓದಬೇಕೆಂದಿದ್ದೀಯಾ ಎಂಬ ಪ್ರಶ್ನೆ ಆಮೇಲೆ ಬಂತು. ನಮ್ಮ ಮನೆಯಲ್ಲಿ ಇರುವುದು ಎರಡು ಎಕರೆ ಅಡಿಕೆ ತೋಟ, ಊರೊಳಗೊಂದು ಹೆಂಚಿನ ಮನೆ. ‘ಸಾಕು ಬಿಡಿ, ಲೋನ್ ಆಗುತ್ತೆ’ ಎಂದರು.

ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಬಿಡಿಸಿ ಹೇಳಿದ ಸಂಗತಿಯೇ ಬೇರೆ. ಸಾಲ ತೀರದಿದ್ದರೆ ಒತ್ತೆ ಇಟ್ಟ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ವಿದ್ಯಾಸಾಲಕ್ಕೆ ತೋಟ, ಗದ್ದೆಯನ್ನು ಒತ್ತೆಯಾಗಿ ಒಪ್ಪಲು ಬ್ಯಾಂಕುಗಳು ಹಿಂಜರಿಯುತ್ತವೆ. ಹಳ್ಳಿ ಮನೆಗೆ ಇ-ಸ್ವತ್ತು ದಾಖಲೆ ಸರಿಯಿರಬೇಕು. ಒತ್ತೆಯಿಲ್ಲದೆ ಕೊಡುವ ಸಾಮಾನ್ಯ ವಿದ್ಯಾಸಾಲ ₹7.5 ಲಕ್ಷದವರೆಗೆ. ಅದಕ್ಕಿಂತ ದೊಡ್ಡ ಮೊತ್ತವನ್ನು ಒತ್ತೆಯಿಲ್ಲದೆ ಕೊಡುವುದು ಬ್ಯಾಂಕು ತಾನೇ ಆಯ್ದ ಹೆಸರಾಂತ ಶಿಕ್ಷಣ ಸಂಸ್ಥೆಗಳಿಗೆ ಸೀಟು ಸಿಕ್ಕವರಿಗೆ. ಮೇಳದಲ್ಲಿ ಸಿಕ್ಕ ಆಫರ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಉಳಿಯುವ ದಾರಿ ಖಾಸಗಿ ಹಣಕಾಸು ಕಂಪನಿಗಳದ್ದು. ಅಲ್ಲಿ ಬಡ್ಡಿ ಹೆಚ್ಚು. ಮೇಳದ ಹಾಲ್‌ನ ಬಾಗಿಲ ಬಳಿಯೇ ಅವರ ಮೇಜುಗಳೂ ಇರುತ್ತವೆ.

ಆ ದಿನ ಸಂಜೆ ಅಪ್ಪ, ನಾನು ಕುಳಿತು ಲೆಕ್ಕ ಹಾಕಿದೆವು. ₹30 ಲಕ್ಷ ಸಾಲ, ಶೇ 10 ಬಡ್ಡಿ, ತೀರಿಸಲು 10 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು ₹39,600. ಹತ್ತು ವರ್ಷಕ್ಕೆ ಕಟ್ಟುವ ಒಟ್ಟು ಹಣ ₹47.5 ಲಕ್ಷ ದಾಟುತ್ತದೆ. ಓದುವ ಅವಧಿಯಲ್ಲಿ ಬೆಳೆಯುವ ಬಡ್ಡಿ ಇದಕ್ಕೆ ಸೇರಿಲ್ಲ. ವಿದೇಶದಲ್ಲಿ ಕೆಲಸ ಸಿಕ್ಕರೆ ಇದು ಎರಡು–ಮೂರು ವರ್ಷದ ಕೆಲಸ ಇರಬಹುದು. ಸಿಗದೆ ಊರಿಗೆ ಬಂದು ತಿಂಗಳಿಗೆ ₹30 ಸಾವಿರದ ಕೆಲಸ ಹಿಡಿದರೆ ಸಂಬಳವೆಲ್ಲ ಕೊಟ್ಟರೂ ಕಂತು ತೀರುವುದಿಲ್ಲ. ಅಪ್ಪ ಬೇಡ ಅನ್ನಲಿಲ್ಲ. ‘ಎರಡನೇ ಲೆಕ್ಕಕ್ಕೂ ಒಂದು ದಾರಿ ಇಟ್ಕೊಂಡು ಹೋಗು’ ಎಂದಷ್ಟೇ ಹೇಳಿದರು. ತಂಗಿ ಈಗ ಪಿಯುಸಿ. ಅವಳ ಓದಿನ ಖರ್ಚೂ ಅದೇ ತೋಟದಿಂದ ಬರಬೇಕು.

ಕನ್ನಡದಲ್ಲಿ ಬಂದ ಒಂದು ಪ್ರಶ್ನೆ

ಮೇಳಗಳಲ್ಲಿ ಅಪ್ಪ, ಅಮ್ಮಂದಿರು ಸಾಮಾನ್ಯವಾಗಿ ಗೋಡೆ ಬದಿಯ ಕುರ್ಚಿಗಳಲ್ಲಿ ಕುಳಿತಿರುತ್ತಾರೆ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುವುದರಿಂದ ಸಾಲ ತೀರಿಸಬೇಕಾದವರೇ ದೂರ ಉಳಿಯುತ್ತಾರೆ. ಹುಬ್ಬಳ್ಳಿಯಲ್ಲಿ ಮಾತ್ರ ರಾಣೆಬೆನ್ನೂರು ಕಡೆಯ ಒಬ್ಬರು ಮಗಳ ಜೊತೆ ನೇರ ಮೇಜಿಗೇ ಬಂದು ಕೇಳಿದರು: ‘ಹ್ವಾದ ವರ್ಸ ನಮ್ ಕಡೆ ಹುಡುಗ್ರು ಎಷ್ಟ ಮಂದಿ ಹೋಗ್ಯಾರ? ಅದ್ರಾಗ ಎಷ್ಟ ಮಂದಿಗೆ ಓದಿದ್ದಕ್ಕ ತಕ್ಕ ಕೆಲ್ಸ ಸಿಕ್ಕೈತಿ? ಬರ್ದಿದ್ದು ಇದ್ರ ತೋರಸ್ರಿ.’

ಮಗಳು ಅದನ್ನು ಇಂಗ್ಲಿಷಿಗೆ ಹೇಳಿದಳು. ಪ್ರತಿನಿಧಿ ನಕ್ಕು, ತಮ್ಮ ವಿಶ್ವವಿದ್ಯಾಲಯದಲ್ಲಿ ಓದಿದವರು ದೊಡ್ಡ ದೊಡ್ಡ ಕಂಪನಿಗಳಲ್ಲಿದ್ದಾರೆ ಎಂದು ಬ್ರೋಷರ್‌ನ ಕೊನೆಯ ಪುಟ ತೆರೆದರು. ಅಲ್ಲಿ ಕಂಪನಿಗಳ ಲೋಗೊಗಳಿದ್ದವು, ಸಂಖ್ಯೆ ಇರಲಿಲ್ಲ. ಆ ಹಿರಿಯರು ‘ಆತು, ಇಂಟರ್‌ನೆಟ್ಟಿನ್ಯಾಗ ನೋಡ್ತೀವಿ’ ಎಂದು ಎದ್ದರು. ಅವರ ಹಿಂದೆ ಸಾಲಿನಲ್ಲಿದ್ದ ನಾವು ಐದಾರು ಮಂದಿ ಅದೇ ಪ್ರಶ್ನೆಯನ್ನು ಉಳಿದ ಮೇಜುಗಳಲ್ಲೂ ಕೇಳತೊಡಗಿದೆವು. ಒಬ್ಬರೇ ಒಬ್ಬರು, ವಿಶ್ವವಿದ್ಯಾಲಯದ ಸ್ವಂತ ಸಿಬ್ಬಂದಿ, ತಮ್ಮಲ್ಲಿ ಆ ಅಂಕಿ ಇಲ್ಲವೆಂದು ಒಪ್ಪಿಕೊಂಡು, ಈಗ ಅಲ್ಲಿ ಓದುತ್ತಿರುವ ಕರ್ನಾಟಕದ ಇಬ್ಬರು ವಿದ್ಯಾರ್ಥಿಗಳ ಸಂಪರ್ಕ ಮಾಡಿಸಿಕೊಟ್ಟರು. ಆ ಇಬ್ಬರ ಜೊತೆಗಿನ ಒಂದು ಗಂಟೆಯ ವಿಡಿಯೊ ಕಾಲ್ ನನಗೆ ಮೂರೂ ಮೇಳಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಬಾಡಿಗೆ ಎಷ್ಟು, ಅರೆಕಾಲಿಕ ಕೆಲಸ ಸಿಗಲು ಎಷ್ಟು ತಿಂಗಳಾಯಿತು, ಇಂಟರ್ನ್‌ಶಿಪ್‌ಗೆ ಸ್ಥಳೀಯ ಭಾಷೆ ಎಷ್ಟು ಬೇಕು, ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಬೇರೆ ಬಗೆಯ ಮೇಜುಗಳೂ ಇವೆ

ಎಲ್ಲ ಮೇಳಗಳೂ ಕಮಿಷನ್ ಮೇಲೆ ನಡೆಯುವುದಿಲ್ಲ. ಅಮೆರಿಕ ಸರ್ಕಾರದ ‘ಎಜುಕೇಷನ್‌ಯುಎಸ್‌ಎ’ ನಡೆಸುವ ಮೇಳಕ್ಕೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳು ನೇರವಾಗಿ ಬರುತ್ತವೆ. 2024ರ ಆಗಸ್ಟ್‌ನಲ್ಲಿ ಅದು ಭಾರತದ ಎಂಟು ನಗರಗಳಲ್ಲಿ ನಡೆಯಿತು, ಬೆಂಗಳೂರೂ ಅದರಲ್ಲಿತ್ತು. ಕಮಿಷನ್ ಏಜೆಂಟರ ಜೊತೆ ಸಲಹಾ ಕೇಂದ್ರಗಳು ಪಾಲುದಾರರಾಗಬಾರದು ಎಂಬುದು ಆ ಸಂಸ್ಥೆಯ ನಿಯಮ. ಜರ್ಮನಿಗೆ ಡಿಎಎಡಿ, ಫ್ರಾನ್ಸಿಗೆ ಕ್ಯಾಂಪಸ್ ಫ್ರಾನ್ಸ್ ಇದೇ ರೀತಿ ಮಾಹಿತಿ ಕೊಡುತ್ತವೆ. ಬ್ರಿಟಿಷ್ ಕೌನ್ಸಿಲ್ ತಾನು ತರಬೇತಿ ಕೊಟ್ಟು ಪ್ರಮಾಣೀಕರಿಸಿದ ಏಜೆಂಟರ ಪಟ್ಟಿ ಇಟ್ಟಿದೆ. ನನ್ನ ಮೂರನೇ ಮೇಳ ಇಂಥದ್ದಾಗಿತ್ತು. ಅಲ್ಲಿ ಸ್ಪಾಟ್ ಆಫರ್ ಇರಲಿಲ್ಲ. ‘ನಿನ್ನ ಅಂಕಕ್ಕೆ ನಮ್ಮಲ್ಲಿ ಕಷ್ಟ, ಬೇರೆ ಕಡೆ ನೋಡು’ ಎಂದು ಒಬ್ಬರು ಮುಖಕ್ಕೆ ಹೇಳಿದರು. ಕೇಳಿದಾಗ ಸಪ್ಪೆಯೆನಿಸಿತು, ಆದರೆ ಒಂದು ಅರ್ಜಿ ಶುಲ್ಕವಂತೂ ಉಳಿಯಿತು.

ಹಣದ ವಿಷಯದಲ್ಲೂ ಮೇಳ ಹೇಳದ ದಾರಿಗಳಿವೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಷಿಪ್ ಇದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಗಳಲ್ಲಿ ವಿದೇಶಿ ವ್ಯಾಸಂಗಕ್ಕೆ ಸಾಲದ ಯೋಜನೆಗಳಿವೆ. ನಾನು ಹೋದ ಮೊದಲ ಎರಡು ಮೇಳಗಳಲ್ಲಿ ಈ ಹೆಸರುಗಳನ್ನು ಯಾರೂ ಎತ್ತಲಿಲ್ಲ.

ಮುಂದಿನ ಮೇಳಕ್ಕೆ ಹೋಗುವಾಗ

ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಒಂದೇ ಸೂರಿನಡಿ ಇಪ್ಪತ್ತು ವಿಶ್ವವಿದ್ಯಾಲಯದವರು ಸಿಗುವುದು ಸಣ್ಣ ಅನುಕೂಲವಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಬರುವ ಬಸ್ ಚಾರ್ಜಿನಲ್ಲಿ ಅಷ್ಟು ಜನರನ್ನು ಕೇಳಬಹುದು. ಹೋಗುವ ಮುನ್ನ ಮನೆಯಲ್ಲಿ ಎರಡು ಸಂಜೆ ಕುಳಿತು ನಾಲ್ಕು ಕೆಲಸ ಮುಗಿಸಿದರೆ ಸಾಕು.

ಬರುವ ವಿಶ್ವವಿದ್ಯಾಲಯಗಳ ಪಟ್ಟಿ ನೋಡಿ ನಿಮ್ಮ ವಿಷಯವಿರುವ ಐದನ್ನು ಮಾತ್ರ ಆರಿಸಿ, ಅವುಗಳ ಪಠ್ಯಕ್ರಮ ಓದಿ. ಬ್ಯಾಂಕಿಗೆ ಒಮ್ಮೆ ಹೋಗಿ ನಿಮ್ಮ ಮನೆಗೆ ಎಷ್ಟು ಸಾಲ ಸಿಗುತ್ತದೆ ಎಂದು ತಿಳಿದುಕೊಳ್ಳಿ. ನೋಂದಣಿಗೆ ಬೇರೊಂದು ಇ-ಮೇಲ್ ಇಟ್ಟುಕೊಳ್ಳಿ. ನಾನು ಫೋನ್ ನಂಬರ್ ಕೊಟ್ಟ ವಾರವೇ ಏಳು ಕರೆ ಬಂದವು, ಅವುಗಳಲ್ಲಿ ಎರಡು ಮೇಳದಲ್ಲಿ ನಾನು ನೋಡಿಯೇ ಇರದ ಕಂಪನಿಗಳದ್ದು. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಯಾರ ಕೈಗೂ ಬಿಟ್ಟು ಬರಬೇಡಿ, ‘ಇವತ್ತೇ ಕಟ್ಟಿದರೆ ರಿಯಾಯಿತಿ’ ಎಂಬ ಮುಂಗಡವನ್ನು ಅವತ್ತೇ ಕಟ್ಟಬೇಡಿ. ನಿಜವಾದ ಸ್ಕಾಲರ್‌ಷಿಪ್‌ಗೆ ಬರಹದಲ್ಲಿ ಷರತ್ತು ಮತ್ತು ಕೊನೆಯ ದಿನಾಂಕ ಇರುತ್ತದೆ.

ಮೇಜಿನ ಮುಂದೆ ಕುಳಿತಾಗ ಕೇಳಲು ನನ್ನ ನೋಟ್‌ಬುಕ್‌ನಲ್ಲಿ ಈಗ ಇರುವ ಪ್ರಶ್ನೆಗಳು ಇವು: ನೀವು ಯಾರ ನೌಕರರು? ನಾನು ಸೇರಿದರೆ ನಿಮಗೆ ಕಮಿಷನ್ ಬರುತ್ತದೆಯೇ? ಬೋಧನಾ ಶುಲ್ಕ, ವಸತಿ, ವಿಮೆ, ವೀಸಾ ಸೇರಿ ಒಟ್ಟು ಎಷ್ಟು? ವೀಸಾ ಸಿಗದಿದ್ದರೆ ಯಾವ ಹಣ ವಾಪಸ್ ಬರುತ್ತದೆ, ಎಲ್ಲಿ ಬರೆದಿದೆ? ಕಳೆದ ಬ್ಯಾಚಿನಲ್ಲಿ ಎಷ್ಟು ಮಂದಿ ಕೋರ್ಸ್ ಮುಗಿಸಿದರು, ಎಷ್ಟು ಮಂದಿಗೆ ಓದಿದ ವಿಷಯದಲ್ಲೇ ಕೆಲಸ ಸಿಕ್ಕಿತು? ಈಗ ಓದುತ್ತಿರುವ ನಮ್ಮ ಕಡೆಯ ಒಬ್ಬರ ಜೊತೆ ಮಾತಾಡಿಸುತ್ತೀರಾ?

ಐದನೆಯ ಪ್ರಶ್ನೆ ರಾಣೆಬೆನ್ನೂರಿನ ಆ ಹಿರಿಯರದ್ದು. ಮುಂದಿನ ಮೇಳಕ್ಕೆ ಅಪ್ಪನೂ ಬರುತ್ತೇನೆ ಎಂದಿದ್ದಾರೆ. ಗೋಡೆ ಬದಿಯ ಕುರ್ಚಿ ಬೇಡ, ಮೇಜಿನ ಮುಂದೆಯೇ ಕೂರೋಣ ಎಂದು ಹೇಳಿದ್ದೇನೆ.